ನಮ್ಮತ್ತೆ ಯೆಸ್ ಅನ್ನುವುದಿಲ್ಲ

ಇಡೀ ಕೊಚ್ಚಿಯಲ್ಲಿ ಇಂಗ್ಲಿಷಿನಲ್ಲಿ ಸುಳ್ಳು ಹೇಳದವರು ಯಾರಾದರೂ ಇದ್ದರೆ ಅದು ನಮ್ಮತ್ತೆ ಒಬ್ಬರೇ! ಕನ್ನಡದಲ್ಲಿ ಹೇಳುತ್ತಾರೆ, ಧಾರಾಳವಾಗಿಯೇ ಹೇಳುತ್ತಾರೆ. ಗದಗಿನಿಂದ ಅವರ ನೆಗೆಣ್ಣಿ ಫೋನ್ ಮಾಡಿದರೆ ಸೋಫಾದ ಮೇಲೆ ಕಾಲು ಚಾಚಿ ಕೂತುಕೊಂಡೇ, ಜಳಕಕ್ಕೆ ಹೋಗಿದ್ದಾರೆಂದು ಹೇಳು ಅಂತ ನನಗೆ ಕೈಸನ್ನೆ ಮಾಡುತ್ತಾರೆ. ನಾನು ಮಾಡುವ ಮೈಸೂರು ಕಡೆಯ ಸಾರನ್ನು ಹನ್ನೆರಡು ವರ್ಷದಿಂದ 'ಛಲೋ ಆಗೇದವಾ' ಎಂದು ಹೊಗಳುತ್ತಲೇ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾ ಬಂದಿದ್ದಾರೆ. ಆದರೆ ಮಾತು ಇಂಗ್ಲಿಷಿಗೆ ತಿರುಗಿತೋ, ಮುಗಿಯಿತು. ಗಂಗಾಜಲ ಮುಟ್ಟಿ ಪ್ರಮಾಣ ಮಾಡಿದವರ ಹಾಗೆ ಆಗಿಬಿಡುತ್ತಾರೆ.

ಇದಕ್ಕೆ ಕಾರಣ ನಲವತ್ತು ವರ್ಷಗಳ ಹಿಂದಿನ ಒಂದು 'ಯೆಸ್'.

ನಮ್ಮ ಮಾವನವರಿಗೆ ಆಗ ತಿರುವನಂತಪುರದಲ್ಲಿ ಒಂದು ಕೇಂದ್ರ ಸರಕಾರಿ ಸಂಸ್ಥೆಯ ಉಗ್ರಾಣದಲ್ಲಿ ಕೆಲಸ. ಮದುವೆಯಾದ ಮರುವರ್ಷವೇ ಅತ್ತೆ ಗದಗ ಬಿಟ್ಟು ಅಲ್ಲಿನ ಕ್ವಾರ್ಟರ್ಸಿಗೆ ಬಂದಿಳಿದರು. ಮಲಯಾಳಂ ಬಾರದು, ಹಿಂದಿ ಅರ್ಧಂಬರ್ಧ, ಇಂಗ್ಲಿಷು ಏಳನೇ ಇಯತ್ತೆಯಲ್ಲಿ ಅವರನ್ನು ನಪಾಸು ಮಾಡಿ ಕಳಿಸಿದ ವಿಷಯ. ಮಾವನವರು ಆಫೀಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಉಪದೇಶ ಮಾಡಿದರಂತೆ, ಯಾರಾದರೂ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ನಕ್ಕು ಯೆಸ್ ಅಂದುಬಿಡು, ಯಾರಿಗೂ ಬೇಜಾರಾಗುವುದಿಲ್ಲ ಅಂತ. ಗಂಡಂದಿರ ಉಪದೇಶಗಳು ಎಲ್ಲಿಗೆ ಮುಟ್ಟಿಸುತ್ತವೆ ಎಂಬುದನ್ನು ನಾನೇನು ಹೊಸದಾಗಿ ಹೇಳಬೇಕೆ?

ಅವತ್ತೇ ಮಧ್ಯಾಹ್ನ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಮಾತಾಡಿಸಿದರು. ಆಕೆ ಶಾಲೆಯ ಟೀಚರು. ಎಲ್ಲರೂ ಕರೆಯುತ್ತಿದ್ದದ್ದೂ ಟೀಚರ್ ಎಂದೇ. ಇಂಗ್ಲಿಷಿನಲ್ಲಿ ಏನೋ ಒಂದು ಕೇಳಿದರು. ಅತ್ತೆ ನಕ್ಕು, 'ಯೆಸ್' ಎಂದರು. ಟೀಚರ ಮುಖ ಊರಗಲವಾಯಿತು. ಒಳಗೆ ಹೋಗಿ ಒಂದು ಹಲಸಿನಹಣ್ಣಿನ ತುಂಡು ತಂದುಕೊಟ್ಟರು. ಯೆಸ್ ಎಂದರೆ ಹಲಸಿನಹಣ್ಣು ಬರುವುದಾದರೆ ಇಂಗ್ಲಿಷು ಅಷ್ಟೇನೂ ಕೆಟ್ಟ ಭಾಷೆಯಲ್ಲ ಎಂದುಕೊಂಡರು ಅತ್ತೆ.

ಸಂಜೆ ಮಾವನವರು ನಗುತ್ತಾ ಬಂದರು. ಟೀಚರ ಗಂಡ ದಾರಿಯಲ್ಲಿ ಸಿಕ್ಕಿ ಅಭಿನಂದನೆ ಹೇಳಿದ್ದರಂತೆ. ಟೀಚರು ಕೇಳಿದ್ದು, ನೀವು ಬಿ.ಎ. ಪಾಸಾಗಿದ್ದೀರಾ ಎಂದು!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ದಿನ ಹೇಳಿ ಸರಿಪಡಿಸೋಣ ಎಂದರೆ ಅಷ್ಟರಲ್ಲಿ ಕ್ವಾರ್ಟರ್ಸಿನ ತುಂಬ ಸುದ್ದಿಯಾಗಿತ್ತು. ಪ್ರತಿ ಗುರುವಾರ ಹೆಂಗಸರ ಕ್ಲಬ್ಬು ಸೇರುತ್ತಿತ್ತು, ಆ ವಾರದ ಚರ್ಚಾಸ್ಪರ್ಧೆಗೆ ಬಿ.ಎ. ಆದ ಹೊಸ ಸದಸ್ಯೆಯೇ ತೀರ್ಪುಗಾರರು ಎಂದು ಗೊತ್ತಾಗಿಹೋಗಿತ್ತು. ಅತ್ತೆ ಏನು ಮಾಡಿದರು ಗೊತ್ತೆ? ಗುರುವಾರ ನನ್ನದು ಮೌನವ್ರತ ಎಂದು ಮಾವನವರ ಕೈಯಲ್ಲಿ ಹೇಳಿ ಕಳಿಸಿದರು. ವ್ರತ ಹಿಡಿದ ಮೇಲೆ ಒಂದೇ ವಾರಕ್ಕೆ ಬಿಡಲಾದೀತೆ? ನಾಲ್ಕು ವರ್ಷ ನಡೆಯಿತು! ಉಳಿದ ದಿನಗಳಲ್ಲಿ ಟೀಚರು ಗೋಡೆಯ ಬಳಿ ಕಂಡರೆ ಅತ್ತೆ ಒಳಗೆ ಓಡುತ್ತಿದ್ದರು. ಮಾತಾಡಿದರೆ ಬಿ.ಎ. ಬಯಲಾಗುತ್ತದಲ್ಲ! ಕ್ವಾರ್ಟರ್ಸಿನವರೆಲ್ಲ ಅವರನ್ನು ದೊಡ್ಡ ದೈವಭಕ್ತೆ ಎಂದು ನಂಬಿದರು. ಆಮೇಲೆ ಮಾವನವರಿಗೆ ವರ್ಗವಾಯಿತು, ಇವರ ಮನೆಯವರೆಲ್ಲ ಊರು ಬಿಟ್ಟರು. ಸುಳ್ಳು ಮಾತ್ರ ಅಲ್ಲೇ ಉಳಿಯಿತು.

ಮಾವನವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಕೊಚ್ಚಿಯ ಕಾಕ್ಕನಾಡಿನ ಫ್ಲಾಟಿಗೆ ಬಂದರು. ನನ್ನ ಗಂಡನ ಆಫೀಸಿನಲ್ಲಿ ಒಬ್ಬರು ತಿರುವನಂತಪುರದವರು. ಹಳೆಯ ಕ್ವಾರ್ಟರ್ಸಿನ ಮಾತು ಬಂದಾಗ, ಆ ಟೀಚರು ಇನ್ನೂ ಇದ್ದಾರೆ, ಚಾಲೈ ಮಾರುಕಟ್ಟೆಯ ಹಿಂದೆ ಮಗನ ಮನೆಯಲ್ಲಿದ್ದಾರೆ, ನಮ್ಮಮ್ಮ ಅವರ ಕೈಯಲ್ಲೇ ಓದಿದ್ದು ಎಂದರಂತೆ. ಅದನ್ನು ಇವರು ಊಟದ ಹೊತ್ತಿನಲ್ಲಿ ಸುಮ್ಮನೆ ಹೇಳಿದರು. ಅತ್ತೆ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು.

"ನಾ ಹೋಗಿ ಖರೇ ಹೇಳಬೇಕು," ಎಂದರು.

ಅದಕ್ಕೇನು, ಭಾನುವಾರ ಕಾರಿನಲ್ಲಿ ಹೋಗೋಣ, ನೀವು ಕನ್ನಡದಲ್ಲಿ ಹೇಳಿ, ನಿಮ್ಮ ಮೊಮ್ಮಗಳು ಮಲಯಾಳಂನಲ್ಲಿ ಹೇಳುತ್ತಾಳೆ ಎಂದೆ ನಾನು. ಅತ್ತೆ ನನ್ನನ್ನು ಕನಿಕರದಿಂದ ನೋಡಿದರು.

"ಸುಳ್ಳ ಹೇಳಿದ್ದು ಯಾವುದರಾಗ? ಇಂಗ್ಲಿಷಿನ್ಯಾಗ. ಖರೇನೂ ಇಂಗ್ಲಿಷಿನ್ಯಾಗ ಹೇಳಬೇಕು. ನನ್ನ ಬಾಯಿಲೆ ಹೇಳಬೇಕು. ಮಂದಿ ಬಾಯಿಲೆ ಹೇಳಿಸಿದ್ರ ಅದೇನ್ ಖರೇ?"

ಈ ತರ್ಕಕ್ಕೆ ಯಾವ ಬಿ.ಎ. ಉತ್ತರ ಕೊಟ್ಟಾನು?

ಹೀಗೆ ಅರವತ್ತೈದನೆಯ ವಯಸ್ಸಿನಲ್ಲಿ ನಮ್ಮತ್ತೆ ಪಾಲಾರಿವಟ್ಟಂನ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದರು. ಹೇಳಿಕೊಡುವ ಹುಡುಗಿಗೆ ಇಪ್ಪತ್ತೈದಿರಬಹುದು. ವಾರಕ್ಕೊಂದು ವಿಷಯ, ಅದರ ಮೇಲೆ ಇಬ್ಬಿಬ್ಬರು ಕೂತು ಸಂಭಾಷಣೆ. ಜೊತೆಗೆ ಬಿಟ್ಟ ಸ್ಥಳ ತುಂಬುವ ಒಂದು ಪುಸ್ತಕ. ಕೂಡಿಸಿ ಬರೋಣವೆಂದು ಮೊದಲ ದಿನ ನಾನೂ ಹೋಗಿದ್ದೆ, ಹಿಂದಿನ ಬೆಂಚಿನಲ್ಲಿ ಕೂತೆ.

ಮೊದಲ ವಾರದ ವಿಷಯ 'ನೀನು ಯಾರು?'. ಪುಸ್ತಕದಲ್ಲಿದ್ದಂತೆ ಎಲ್ಲರೂ ಎದ್ದು ನಿಂತು, ನಾನು ಜಾನ್, ನಾನು ಲಂಡನ್ನಿನವನು, ನಾನು ಡಾಕ್ಟರು ಎಂದು ಹೇಳಬೇಕಿತ್ತು. ಅತ್ತೆಯ ಸರದಿ ಬಂತು. ಅವರು ಎದ್ದರು, ಸೆರಗು ಸರಿಮಾಡಿಕೊಂಡರು.

"ಐ ಯಾಮ್ ನಾಟ್ ಜಾನ್," ಎಂದರು. ಕೂತರು.

ಇದು ಬರೀ ಅಭ್ಯಾಸಕ್ಕೆ ಅಮ್ಮಚ್ಚಿ, ನಿಜವಲ್ಲ ಎಂದು ಆ ಹುಡುಗಿ ಸಮಾಧಾನ ಮಾಡಿದಳು. ಅತ್ತೆ ಹಿಂದಕ್ಕೆ ತಿರುಗಿ ನನಗೆ ಕನ್ನಡದಲ್ಲಿ ಹೇಳಿದರು, ನಿಮ್ಮ ಮಾವನೂ ಹೀಗೇ ಹೇಳಿದ್ದರು ಅಂತ. ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎನ್ನಬೇಕೆಂದು ಪುಸ್ತಕ ಹೇಳಿದರೆ, ಇವರು ಎಡಗಾಲಿನ ಮಂಡಿ ನೋಯುತ್ತದೆ, ಉಳಿದದ್ದೆಲ್ಲ ಚೆನ್ನಾಗಿದೆ ಎಂದರು. ಬಿಟ್ಟ ಸ್ಥಳಗಳಲ್ಲಿ ತಮ್ಮ ಹೆಸರು, ಊರು ಎಲ್ಲ ತುಂಬಿದರು. ಕೊನೆಗೆ 'ಮೈ ಫ್ರೆಂಡ್ ಈಸ್' ಎಂದಿದ್ದ ಕಡೆ ಪೆನ್ಸಿಲು ನಿಂತಿತು. ಯಾವುದಾದರೂ ಹೆಸರು ಬರೆಯಿರಿ ಎಂದೆ. ಇಲ್ಲದ ಗೆಳತಿಯನ್ನು ಎಲ್ಲಿಂದ ತರಲಿ ಎಂದು ನನ್ನನ್ನೇ ಕೇಳಿ, ಆ ಗೆರೆಯನ್ನು ಖಾಲಿ ಬಿಟ್ಟರು. ನಾನು ನಕ್ಕೆ. ಈಗ ನೆನೆದರೆ ನಗಬಾರದಿತ್ತು ಅನ್ನಿಸುತ್ತದೆ.

ಎರಡನೆಯ ವಿಷಯ ಪ್ರಾಮಾಣಿಕತೆ. ಅಯ್ಯೋ, ಅದನ್ನು ಕೇಳಲೇಬೇಡಿ! ನೀವು ಎಂದಾದರೂ ಸುಳ್ಳು ಹೇಳಿದ್ದೀರಾ ಎಂದು ಒಬ್ಬರು ಕೇಳುವುದು, ಇಲ್ಲ ಎಂದು ಇನ್ನೊಬ್ಬರು ಹೇಳುವುದು. ಕ್ಲಾಸಿನಲ್ಲಿದ್ದ ಅಷ್ಟೂ ಜನ ಇಲ್ಲ, ಇಲ್ಲ ಎಂದು ಸುಳ್ಳು ಹೇಳಿದರು. ಅತ್ತೆ ಮಾತ್ರ ಕನ್ನಡದವನ್ನು ಲೆಕ್ಕಕ್ಕೆ ಹಿಡಿಯದೆ ಒಂದು ಬೆರಳೆತ್ತಿ, 'ಒನ್' ಎಂದರಂತೆ. ಯಾವಾಗ ಎಂದರೆ ನಲವತ್ತು ವರ್ಷದ ಹಿಂದೆ. ಯಾರಿಗೆ ಎಂದರೆ ಟೀಚರಿಗೆ. ಪಾಪ, ಆ ಹುಡುಗಿ ಬೆಚ್ಚಿಬಿದ್ದು ನನಗೇನಾ ಎಂದು ಕೇಳಿದಳಂತೆ. ಆಗ ನೀನು ಹುಟ್ಟಿರಲಿಲ್ಲ ಎಂದು ಅತ್ತೆ ಇಂಗ್ಲಿಷಿನಲ್ಲೇ ಧೈರ್ಯ ಹೇಳಿದರಂತೆ!

ಮೂರನೆಯದು ಪ್ರಯಾಣ. ನಿನ್ನೆ ನಾನು ವಿಮಾನದಲ್ಲಿ ಸಿಂಗಾಪುರಕ್ಕೆ ಹೋದೆ ಎಂದು ಹೇಳಬೇಕು. ಇವರು ಹೇಳಲಿಲ್ಲ. ಸರಿ, ನೀವು ಎಲ್ಲಿಗಾದರೂ ಹೋದದ್ದನ್ನೇ ನಾಳೆ ಹೇಳಿ ಎಂದು ಹುಡುಗಿ ಕೈಮುಗಿದಳು. ಅವತ್ತು ಸಾಯಂಕಾಲ ಅತ್ತೆ ನನ್ನ ಮಗಳನ್ನು ಎಳೆದುಕೊಂಡು ಕಾಕ್ಕನಾಡಿನ ಜೆಟ್ಟಿಯಲ್ಲಿ ಬೋಟು ಹತ್ತಿ ವೈಟ್ಟಿಲಕ್ಕೆ ಹೋಗಿ, ಇಳಿದು, ಮುಂದಿನ ಬೋಟಿನಲ್ಲಿ ವಾಪಸು ಬಂದರು. ಮಾರನೆಯ ದಿನ ಕ್ಲಾಸಿನಲ್ಲಿ ನಿನ್ನೆ ಬೋಟಿನಲ್ಲಿ ವೈಟ್ಟಿಲಕ್ಕೆ ಹೋದೆ ಎಂದರು. ಏಕೆ ಹೋದಿರಿ ಎಂದು ಹುಡುಗಿ ಕೇಳಿದಳು.

"ಟು ಸೇ ದಿಸ್," ಎಂದರು ಅತ್ತೆ.

ಮನೆಯಲ್ಲಿ ಅವರಿಗೆ ಪಾಠ ಹೇಳುವವಳು ನನ್ನ ಹತ್ತು ವರ್ಷದ ಮಗಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳಂನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಅಜ್ಜಿಯ ಬಾಯಲ್ಲಿ ಎಲ್ಲ ಹೇಳಿಸಿದಳು, ಒಂದೇ ಒಂದು ಮಾತು ಹೇಳಿಸಲಾಗಲಿಲ್ಲ. ಅದೇ ಯೆಸ್! ಸೆಕ್ಯುರಿಟಿಯವನು ಕೆಳಗಿನಿಂದ ಫೋನ್ ಮಾಡಿ ಸೆವೆನ್ ಬಿ ನೀವೇನಾ ಎಂದರೆ 'ದಿಸ್ ಈಸ್ ಸೆವೆನ್ ಬಿ' ಎನ್ನುತ್ತಿದ್ದರು. ಟೀ ಬೇಕಾ ಎಂದರೆ 'ಐ ವಾಂಟ್ ಟೀ.' ಯೆಸ್ ಅಂದರೆ ಸಾಕಲ್ಲ ಅಜ್ಜಿ ಎಂದು ಮಗಳು ಹಣೆ ಚಚ್ಚಿಕೊಂಡರೆ, ಆ ಮಾತಿಗೆ ತೂಕ ಬಹಳ, ಎತ್ತಿದರೆ ಸೊಂಟ ಹಿಡಿಯುತ್ತದೆ ಎಂದು ನಗುತ್ತಿದ್ದರು.

ಐದು ತಿಂಗಳು ಒಂದು ಕ್ಲಾಸೂ ತಪ್ಪಿಸಲಿಲ್ಲ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಆ ಮಹಡಿ ಹತ್ತಿದರು. ಒಟ್ಟು ಹನ್ನೊಂದು ವಾಕ್ಯ ತಯಾರಾದವು. ಒಂದು ಗುರುವಾರ ಬೆಳಗ್ಗೆ ಎರ್ಣಾಕುಳಂನಲ್ಲಿ ರೈಲು ಹತ್ತಿದೆವು. ಅತ್ತೆ ಕಿಟಕಿಯ ಪಕ್ಕ ಕೂತು ಹನ್ನೊಂದನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಾ ಬಂದರು. ಕೊಲ್ಲಂ ದಾಟುವಾಗ ತಟ್ಟನೆ ನಿಲ್ಲಿಸಿ ನನ್ನ ಕೈ ಹಿಡಿದರು.

"ಆಕಿ ಮಾರಿ ತಿರುವಿದ್ರ ಏನ್ ಮಾಡ್ಲಿ?" ಎಂದರು.

ಆಗ ನನಗೆ ಮೊದಲ ಸಲ ಅರ್ಥವಾಯಿತು, ಇದು ನಾವು ಮನೆಯಲ್ಲಿ ಹೇಳಿಕೊಂಡು ನಗುತ್ತಿದ್ದ ಕತೆಯಲ್ಲ ಅಂತ. ಅವರ ಕೈ ಹಾಗೇ ಹಿಡಿದುಕೊಂಡು ಕೂತೆ.

ಚಾಲೈಯಲ್ಲಿ ಬಾಳೆಗೊನೆಗಳ, ಅರಿಶಿನದ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಹಿಂದಿನ ಓಣಿಗೆ ಹೋದೆವು. ಮನೆಯ ಮುಂದುಗಡೆ ಟೀಚರ ಮಗನ ಪಾತ್ರೆ ಅಂಗಡಿ, ಅದರ ಪಕ್ಕದ ಜಗಲಿಯಲ್ಲಿ ಟೀಚರು ಕುರ್ಚಿಯ ಮೇಲೆ ಕೂತಿದ್ದರು. ಬಿಳಿಯ ಸೀರೆ, ದಪ್ಪ ಕನ್ನಡಕ. ಅತ್ತೆಯನ್ನು ಒಂದು ನಿಮಿಷ ದಿಟ್ಟಿಸಿ, "ಬಿ.ಎ.!" ಎಂದರು. ನಲವತ್ತು ವರ್ಷವಾದರೂ ಅದೇ ಹೆಸರು!

ಅತ್ತೆ ಕೂರಲೂ ಇಲ್ಲ. ನಿಂತೇ ಶುರುಮಾಡಿದರು. ನಾನು ಬಿ.ಎ. ಅಲ್ಲ, ನಿಮಗೆ ಸುಳ್ಳು ಹೇಳಿದೆ, ನನಗೆ ವ್ರತವೂ ಇರಲಿಲ್ಲ, ನನಗೆ ಹೆದರಿಕೆ ಇತ್ತು. ಹನ್ನೊಂದು ವಾಕ್ಯ, ಒಂದೂ ತಪ್ಪಲಿಲ್ಲ. ಟೀಚರು ಎಲ್ಲ ಕೇಳಿಸಿಕೊಂಡು, ಮುಖ ಅರಳಿಸಿ ನಕ್ಕು, "ಯೆಸ್, ಯೆಸ್," ಎಂದರು.

ನನಗೆ ಹೋದ ಜೀವ ಬಂದಂತಾಯಿತು. ಅತ್ತೆ ಮಾತ್ರ ಅಲ್ಲಾಡಲಿಲ್ಲ. ಆ ಯೆಸ್ಸನ್ನು ಅವರು ಗುರುತು ಹಿಡಿದಿದ್ದರು.

"ಇಲ್ಲವಾ, ಆಕಿಗೆ ಒಂದಕ್ಷರನೂ ತಿಳಿದಿಲ್ಲ," ಎಂದರು ನನಗೆ.

ಅಷ್ಟರಲ್ಲಿ ಮಗ ಅಂಗಡಿಯಿಂದ ಎದ್ದು ಬಂದು, ಅಮ್ಮನಿಗೆ ಎರಡು ವರ್ಷದಿಂದ ಕಿವಿ ಮಂದ, ಬಂದವರಿಗೆಲ್ಲ ಹೀಗೇ ಯೆಸ್ ಯೆಸ್ ಎನ್ನುತ್ತಾರೆ, ಸ್ವಲ್ಪ ಜೋರಾಗಿ ಹೇಳಿ ಎಂದ. ಕಾಗದದ ಮೇಲೆ ಬರೆದು ತೋರಿಸೋಣ ಎಂದೆ ನಾನು. ಬಾಯಿಂದ ಹೇಳಿದ್ದಕ್ಕೆ ಬಾಯಿಂದಲೇ ಪರಿಹಾರ ಎಂದರು ಅತ್ತೆ. ಕುರ್ಚಿಯ ಹತ್ತಿರ ಬಗ್ಗಿ, ಗದಗಿನ ಓಣಿಯಲ್ಲಿ ಕಲಿತ ದನಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದರು.

"ಐ ಯಾಮ್ ನಾಟ್ ಬಿ.ಎ.! ಐ ಯಾಮ್ ಸೆವೆಂತ್ ಫೇಲ್!"

ಅಂಗಡಿಯಲ್ಲಿ ಪಾತ್ರೆ ನೋಡುತ್ತಿದ್ದವರು ತಿರುಗಿದರು. ತಲೆಯ ಮೇಲೆ ಮೂಟೆ ಹೊತ್ತ ಒಬ್ಬ ಓಣಿಯ ಮಧ್ಯದಲ್ಲೇ ನಿಂತುಬಿಟ್ಟ. ಅತ್ತೆ ಯಾರನ್ನೂ ಲೆಕ್ಕಿಸದೆ ಉಳಿದ ಒಂಬತ್ತನ್ನೂ ಅದೇ ದನಿಯಲ್ಲಿ ಒಂದೊಂದಾಗಿ ಮುಗಿಸಿದರು. ಸೊಪ್ಪಿನವಳೊಬ್ಬಳು ಕೊನೆಯವರೆಗೂ ಕೇಳಿಸಿಕೊಂಡೇ ಹೋದಳು.

ಟೀಚರ ನಗು ನಿಂತಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಆಮೇಲೆ ಅತ್ತೆಗೆ ತಿಳಿಯುವ ಹಾಗೆ, ಮಕ್ಕಳಿಗೆ ಹೇಳಿದಂತೆ ಒಂದೊಂದೇ ಮಾತು ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದರು. ನಾನೂ ಬಿ.ಎ. ಅಲ್ಲ, ಹತ್ತನೆಯ ಕ್ಲಾಸು ಮುಗಿಸಿ ಟ್ರೇನಿಂಗ್ ಮಾಡಿದವಳು. ದಿನಾ ಶಾಲೆಯಿಂದ ಬಂದು ಗೋಡೆಯ ಹತ್ತಿರ ನಿಲ್ಲುತ್ತಿದ್ದೆ. ನೀನು ಒಳಗೆ ಹೋಗಿಬಿಡುತ್ತಿದ್ದೆ. ದೊಡ್ಡ ಓದು ಓದಿದವಳು, ನನ್ನಂಥವಳ ಜೊತೆ ಯಾಕೆ ಮಾತಾಡುತ್ತಾಳೆ ಅಂದುಕೊಂಡೆ. ನಾಲ್ಕು ವರ್ಷ ಹಾಗೇ ಅಂದುಕೊಂಡೆ.

ಅತ್ತೆಯ ಹತ್ತಿರ ಹನ್ನೆರಡನೆಯ ವಾಕ್ಯ ಇರಲಿಲ್ಲ. ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಆ ಮಂಡಿಯನ್ನು ಮಡಿಸಿ ಹೇಗೆ ಕೂತರೋ, ನನಗಂತೂ ತಿಳಿಯದು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನನ್ನ ಕಣ್ಣು ತುಂಬಿ ಬಂತು, ಪಾತ್ರೆಗಳನ್ನು ನೋಡುವವಳ ಹಾಗೆ ಅತ್ತ ತಿರುಗಿದೆ.

ಊಟ ಮಾಡಿಸಿಯೇ ಕಳಿಸಿದರು. ಹೊರಡುವಾಗ ಟೀಚರು ಅತ್ತೆಯ ಕೈ ಬಿಡದೆ, "ವಿಲ್ ಯು ಕಮ್ ನೆಕ್ಸ್ಟ್ ಥರ್ಸ್‌ಡೇ?" ಎಂದು ಕೇಳಿದರು. ಅತ್ತೆ ನನ್ನ ಕಡೆ ತಿರುಗಿದರು.

"ಮುಂದಿನ ಗುರುವಾರ ಬರ್ತೀ ಏನು ಅಂತ ಕೇಳಾಕತ್ತಾಳ, ಹೌದಲ್ಲ? ಮತ್ತೇನರ ಅಲ್ಲಲ್ಲ?"

ಹೌದು, ಅದನ್ನೇ ಕೇಳುತ್ತಿದ್ದಾರೆ ಎಂದೆ. ಅತ್ತೆ ಇಷ್ಟು ದೂರದ ಪ್ರಯಾಣ, ರೈಲು, ಮಂಡಿ ಎಲ್ಲವನ್ನೂ ಮನಸ್ಸಿನಲ್ಲೇ ತೂಗಿ ನೋಡಿದರೆಂದು ಕಾಣುತ್ತದೆ. ಆಮೇಲೆ ಟೀಚರ ಕಿವಿಯ ಹತ್ತಿರ ಬಗ್ಗಿ, ಜೋರಾಗಿ, "ಯೆಸ್," ಎಂದರು.

ವಾಪಸು ಬರುವಾಗ ರೈಲು ವರ್ಕಲಾ ದಾಟಿದ ಮೇಲೆ ಅತ್ತೆ ಚೀಲದಿಂದ ಆ ಪುಸ್ತಕ ತೆಗೆದು, ಮೊದಲನೆಯ ಪಾಠದಲ್ಲಿ ಖಾಲಿ ಬಿಟ್ಟಿದ್ದ ಗೆರೆಯನ್ನು ಹುಡುಕಿದರು. ಪೆನ್ಸಿಲ್ ಬೇಡ, ಪೆನ್ನು ಕೊಡು ಎಂದರು.