ಕಂಪ್ಯೂಟರ್ ಮೇಲಿನ ಹಸಿರು ಪೊಟ್ಟಣ

ಹಸಿದ ಹೊಟ್ಟೆಗೆ ಮಡಿ ಮೈಲಿಗೆ ಗೊತ್ತಾಗುವುದಿಲ್ಲ. ಶಿನ್‌ಚು ಊರಿನ ಮೋಡೆಮ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ, ಯಂತ್ರ ಕೈಕೊಡದೆ ಹೇಳಿದಂತೆ ಕೇಳಲಿ ಎಂದು ಅಲ್ಲಿಯವರ ನಂಬಿಕೆಯಂತೆ ಕಂಪ್ಯೂಟರಿನ ಮೇಲೆ ಇಟ್ಟಿದ್ದ ಕುರುಕಲಿನ ಹಸಿರು ಪೊಟ್ಟಣವನ್ನು ಎಂಜಿನಿಯರ್ ಚಿನ್‌ಫಾ ಒಡೆದು ತಿಂದುಬಿಟ್ಟ.

ಅಂದೇ ಮಧ್ಯಾಹ್ನ ಜರ್ಮನಿಯ ಗಿರಾಕಿಗಳು ಹೊಸ ಮೋಡೆಮ್ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಚಿನ್‌ಫಾನಿಗೆ ಮೇಲಿನ ಮಹಡಿಯ ವಿನ್ಯಾಸ ವಿಭಾಗಕ್ಕೆ ವರ್ಗ ಎಂದು ಮ್ಯಾನೇಜರ್ ಸು ಮಾತು ಕೊಟ್ಟಿದ್ದರು. ವರ್ಷಗಳಿಂದ ಪಾಪ ಅವನು ಕಂಡ ಕನಸು ಅದೊಂದೇ. ಆದರೆ ತಾಲೀಮಿನಲ್ಲಿ ಪರದೆಯ ಮೇಲಿನ ಸಾಲುಗಳು ಇಲಿ ಕಡಿದ ಬಟ್ಟೆಯಂತೆ ಬಂದವು.

"ಪೊಟ್ಟಣ ಎಲ್ಲೋ?" ಎಂದಳು ಪಕ್ಕದ ಮೇಜಿನ ಬಾವೊಚು ಅಕ್ಕ.

"ತಿಂದೆ ಅಕ್ಕ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೋಡೆಮ್ ಚೆನ್ನಾಗೇ ಇದೆ. ಅದು ಕಳಿಸೋ ಅಕ್ಷರ ಇಸ್ಕೊಳ್ಳೋ ಸೀರಿಯಲ್ ಚಿಪ್ಪು ಕಂಪ್ಯೂಟರ್ ಒಳಗಿದೆಯಲ್ಲ, ಅದು ಹಳೇದು. ಒಂದು ಸಲಕ್ಕೆ ಒಂದೇ ಅಕ್ಷರ ಹಿಡಿಯುತ್ತೆ. ಅದನ್ನ ಒಳಗೆ ದಾಟಿಸೋದ್ರೊಳಗೆ ಇನ್ನೊಂದು ಬಂದ್ರೆ ಮೊದಲಿಂದು ಮಣ್ಣುಪಾಲು. ಹದಿನಾರು ಹಿಡಿಯೋ ಚಿಪ್ಪು ಬೇಕು."

"ಪ್ರಸಾದ ನುಂಗಿ ಚಿಪ್ಪಿನ ಮೇಲೆ ಹಾಕ್ತೀಯಾ? ನಾಚಿಕೆ ಆಗಲ್ವ?"

ಸುದ್ದಿ ಹಬ್ಬಿತು. ಲೆಕ್ಕದ ವಿಭಾಗದವನೊಬ್ಬ ಹಳದಿ ಪೊಟ್ಟಣ ತಂದಿಟ್ಟ. "ಹಳದಿ ಇಟ್ರೆ ನಡೆಯೋದೂ ನಿಲ್ಲುತ್ತೆ ಕಣಯ್ಯಾ!" ಎಂದು ಎಲ್ಲರೂ ಅವನ ಮೇಲೆ ಬಿದ್ದರು. ಕಾವಲುಗಾರ ತಂದಿಟ್ಟದ್ದು ಹಸಿರೇ, ಆದರೆ ಅವಧಿ ಮುಗಿದಿತ್ತು. ಕೊನೆಗೆ ಸು ಅವರ ಅಪ್ಪಣೆಯಂತೆ ಚಿನ್‌ಫಾ ಕಂಪ್ಯೂಟರಿಗೆ ಬಗ್ಗಿ ಬಗ್ಗಿ ಕ್ಷಮೆ ಕೇಳಿದ.

"ಸಾರ್, ಒಂದೇ ಒಂದು ಚಿಪ್ಪು..."

"ಮೊದಲು ಹೊಸ ಪೊಟ್ಟಣ ತಾ!"

ಎಲ್ಲರೂ ಊಟಕ್ಕೆ ಹೋದಾಗ ಚಿನ್‌ಫಾ ಎದೆ ಗಟ್ಟಿಮಾಡಿಕೊಂಡು ಸು ಅವರ ಕೋಣೆಗೆ ನುಗ್ಗಿದ. ಅವರ ಹೊಸ ಕಂಪ್ಯೂಟರ್ ಬಿಚ್ಚಿ, ಅದರಲ್ಲಿದ್ದ ಹದಿನಾರು ಅಕ್ಷರದ ಚಿಪ್ಪನ್ನು ಕಿತ್ತು, ಆ ಜಾಗದಲ್ಲಿ ತನ್ನ ಹಳೆಯದನ್ನು ಕೂರಿಸಿದ. ಕಿತ್ತದ್ದು ಪರೀಕ್ಷಾ ಕಂಪ್ಯೂಟರಿನ ಹೊಟ್ಟೆ ಸೇರಿತು. ಜನರ ಬಾಯಿ ಮುಚ್ಚಿಸಲು ಅದರ ಮೇಲೊಂದು ಹೊಸ ಹಸಿರು ಪೊಟ್ಟಣವನ್ನೂ ಇಟ್ಟ.

ಗಿರಾಕಿಗಳ ಮುಂದೆ ಅಕ್ಷರಗಳು ಒಂದೂ ತಪ್ಪದೆ ಬಂದವು. ಆರ್ಡರ್ ಸಿಕ್ಕಿತು. ಚಿನ್‌ಫಾನ ಮನಸ್ಸು ಆಗಲೇ ಮೇಲಿನ ಮಹಡಿಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿತ್ತು.

ಸು ಬೆನ್ನು ತಟ್ಟಿದರು. "ಬೆಳಗ್ಗೆಯಿಂದ ಯಾರ್ಯಾರೋ ಇಟ್ರು, ನಡೀಲಿಲ್ಲ. ನೀನು ಇಟ್ಟೆ, ನಡೀತು. ಏನು ಕೈಗುಣನಯ್ಯಾ ನಿಂದು! ವಿನ್ಯಾಸಕ್ಕೆ ಬೇರೆ ಯಾರನ್ನಾದ್ರೂ ಕಳಿಸ್ತೀನಿ. ಇಂಥವನನ್ನ ಈ ಕೋಣೆಯಿಂದ ಬಿಟ್ಟುಕೊಡೋಕಾಗುತ್ತಾ?"

"ಸಾರ್, ಅದು ಕೈಗುಣ ಅಲ್ಲ, ಅದು..." ಚಿನ್‌ಫಾ ತಡವರಿಸಿದ. ನಿಜ ಹೇಳಿದರೆ ಕಳ್ಳ, ಹೇಳದಿದ್ದರೆ ಇಲ್ಲೇ ಕೊಳೆಯಬೇಕು.

"ಅದು?"

"ನಿಮ್ಮ ಆಶೀರ್ವಾದ ಸಾರ್."

"ಹಾಗಾದ್ರೆ ಬಾ, ನನ್ನ ಕಂಪ್ಯೂಟರ್ ಮೇಲೂ ನಿನ್ನ ಕೈಯಿಂದಲೇ ಒಂದು ಪೊಟ್ಟಣ ಇಡು. ಊಟ ಆದಾಗಿಂದ ಮೋಡೆಮ್ಮಲ್ಲಿ ಬರೋ ಪತ್ರ ಎಲ್ಲಾ ತೂತು ತೂತು!"