ಯಾರಿಗೂ ಹೇಳಬ್ಯಾಡ್ರಿ

ಕಾಯಿಲೆಯನ್ನು ಗುಟ್ಟಾಗಿಡಲು ಹೊರಟವರಿಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ನಮ್ಮ ಭಾಗದಲ್ಲಂತೂ ಅದು ಸಂತೆಯಲ್ಲಿ ಆಡಿನ ಮೇಲೆ ಕೊಡೆ ಹಿಡಿದು ಅಡಗಿಸಿದ ಹಾಗೆ. ಈ ಪ್ರಸಂಗಗಳನ್ನು ನನ್ನ ಹೆಂಡತಿ ಇದ್ದಾಗ ನನಗಿಂತ ಚೆನ್ನಾಗಿ ಹೇಳುತ್ತಿದ್ದಳು.

ಬೆಂಚು

ಎಂಬತ್ತರ ದಶಕದ ಆರಂಭ. ದೀಪಾವಳಿ ರಜೆಯಲ್ಲಿ ಸ್ಟೋವಿನ ಬತ್ತಿ ತರಲೆಂದು ಇಬ್ಬರೂ ಇಳಕಲ್‌ನಿಂದ ಬಾಗಲಕೋಟೆಗೆ ಹೋಗಿದ್ದೆವು. ಅವಳಿಗೆ ಕೆಲವು ದಿನಗಳಿಂದ ಏದುಸಿರು. ಬಂದಿದ್ದೇವಲ್ಲ, ತೋರಿಸಿಬಿಡೋಣ ಎಂದು ದವಾಖಾನೆಗೆ ಹೋದೆವು. ಬತ್ತಿ ಕೊಳ್ಳುವುದು ಮರೆತೇ ಹೋಯಿತು.

ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿ, ಪರದೆ ಎಳೆದು, ದನಿ ತಗ್ಗಿಸಿ ಹೇಳಿದರು: ಹೃದಯದ ಒಂದು ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಬಸಿರು ಕೂಡದು. ಮೆಟ್ಟಿಲು ಹತ್ತಬಾರದು, ಬಹಳ ಹೊತ್ತು ನಿಲ್ಲಬಾರದು. ನೌಕರಿ ಬಿಟ್ಟರೆ ಒಳ್ಳೆಯದು.

ಅವಳು ಕೊನೆಯ ಮಾತೊಂದನ್ನು ಒಪ್ಪಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಏಳನೆಯ ತರಗತಿ ಅವಳದು. ಮಾರ್ಚಿಯಲ್ಲಿ ಮುಲ್ಕಿ, ಅಂದರೆ ಏಳನೆಯದರ ಪಬ್ಲಿಕ್ ಪರೀಕ್ಷೆ. ಟೀಚರ್ ಬದಲಾದರೆ ಅರ್ಧ ಹುಡುಗಿಯರನ್ನು ತಂದೆತಾಯಿ ಮಗ್ಗದ ಮನೆಗೆ ಎಳೆದುಕೊಳ್ಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಕಾಯಿಲೆಯ ಶಿಕ್ಷಕಿಯರನ್ನು ಆಡಳಿತ ಮಂಡಳಿ ನಡುವರ್ಷವೇ ಮನೆಗೆ ಕಳಿಸುತ್ತಿತ್ತು ಎಂಬುದೂ ಗೊತ್ತಿತ್ತು.

"ಪರೀಕ್ಷಾ ಮುಗಿಯೂತನಕ ಯಾರಿಗೂ ಹೇಳಬ್ಯಾಡ್ರಿ" ಎಂದಳು.

ಡಾಕ್ಟರು ಮಾತು ಕೊಟ್ಟರು. ಎಕ್ಸ್‌ರೇಯನ್ನು ಹೆಸರು ಕಾಣದಂತೆ ಸುರುಳಿ ಸುತ್ತಿ, ಮೇಲೆ ಹಳೆಯ ಪತ್ರಿಕೆ ಸುತ್ತಿ ಕೊಟ್ಟರು. ಹೊರಗೆ ಬಂದೆವು. ಸರದಿಗೆ ಕಾಯುತ್ತಿದ್ದ ಇಡೀ ಬೆಂಚು ಉಸಿರು ಬಿಗಿಹಿಡಿದು ಕುಳಿತಿತ್ತು. ಒಬ್ಬ ಮುದುಕಿ ನನ್ನ ತೋಳು ಹಿಡಿದಳು.

"ಯಪ್ಪಾ, ಮೆಟ್ಟಲಾ ಹತ್ತಬ್ಯಾಡ ಅಂದ್ರಲ್ಲ, ಬಾದಾಮಿ ಗುಡ್ಡದ ಮೆಟ್ಟಲೋ, ಮನಿ ಮೆಟ್ಟಲೋ? ಅದನ್ನ ನೀ ಕೇಳಲೇ ಇಲ್ಲ. ಹೋಗ, ಕೇಳಿ ಬಾ."

ಒಳಗೆ ಹೋಗಿ ಕೇಳಿದೆ. ಎರಡೂ ಕೂಡದು ಎಂದರು. ಹೊರಗೆ ಬಂದು ಬೆಂಚಿಗೆ ತಿಳಿಸಿ ಹೊರಟೆ.

ನಕಾಶೆ

ವಾಪಸ್ ಬರುವಾಗ ಕಮತಗಿಯಲ್ಲಿ ಬಸ್ಸು ಹತ್ತಿದವರು, ಯಾರು ಹತ್ತಬಾರದೋ ಅವರೇ: ಅವಳ ಶಾಲೆಯ ಆಡಳಿತ ಮಂಡಳಿಯ ಸದಸ್ಯರು. ನಮ್ಮ ಪಕ್ಕದಲ್ಲೇ ಕಿಟಕಿಯ ಕಡೆ ಕುಳಿತರು. ಸುರುಳಿ ನೋಡಿದರು.

"ಏನ್ರಿ ಮಾಸ್ತರ ಅದು?"

"ನಕಾಶೆ ರೀ" ಎಂದೆ. ಅದಕ್ಕಿಂತ ಉತ್ತಮ ಸುಳ್ಳು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

"ಬಿಚ್ರಿ, ನೋಡೂಣು. ನಮ್ಮ ಹುಡುಗ ಮದರಾಸಿನ್ಯಾಗ ಅದಾನ. ಎಲ್ಲಿ ಬರತೈತಿ ತೋರಸ್ರಿ."

ಹೆಂಡತಿ ತಣ್ಣಗೆ ಹೇಳಿದಳು: "ಮದರಾಸು ಇದರಾಗ ಬರೂದಿಲ್ರಿ. ಇದು ಬಾದಾಮಿ ತಾಲೂಕಿಂದು."

"ಬಾದಾಮ್ಯಾಗ ನಮ್ಮ ಮಾವನ ಮನಿ ಐತ್ರಿ! ಬಿಚ್ರಿ, ಬಿಚ್ರಿ!" ಅವರ ಕೈ ಸುರುಳಿಯ ಮೇಲೆ ಬಿತ್ತು.

"ಈಗ ಬರಸ್ಕೊಂಡ ಬಂದೀವ್ರಿ. ಬಣ್ಣಾ ಹಸಿ ಐತಿ" ಎಂದಳು.

"ಮೊದಲ ಹೇಳಬಾರದೇನ್ರಿ?" ಎಂದು ಸದಸ್ಯರು ನನ್ನ ಕೈಯಿಂದ ಸುರುಳಿಯನ್ನು ಜೋಪಾನವಾಗಿ ತೆಗೆದುಕೊಂಡು, ಗಾಳಿ ತಾಗಲೆಂದು ಕಿಟಕಿಯಾಚೆ ಹಿಡಿದರು. ಗಾಳಿಗೆ ಪತ್ರಿಕೆಯ ಅಂಚು ಪಟಪಟ ಬಡಿಯುತ್ತಿತ್ತು. ಹುನಗುಂದ ದಾಟಿ ಇಳಕಲ್ ಬರುವವರೆಗೆ ನನ್ನ ಹೆಂಡತಿಯ ಎದೆ ಬಸ್ಸಿನ ಹೊರಗೆ ಗಾಳಿ ಸೇವಿಸುತ್ತಾ ಬಂತು.

ಕುರ್ಚಿ

ಮನೆಯಲ್ಲೂ ಎಚ್ಚರ. ಪಕ್ಕದ ನೇಕಾರರ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಅವರ ಮಗ್ಗ ಸದ್ದು ಮಾಡುವಾಗಷ್ಟೇ ನಾವು ಮಾತ್ರೆ, ಇಂಜೆಕ್ಷನ್ನಿನ ವಿಷಯ ಎತ್ತುತ್ತಿದ್ದೆವು, ಅದೂ ಮೆಲ್ಲಗೆ.

ಸಂಕ್ರಾಂತಿಯ ಹೊತ್ತಿಗೆ ಓಣಿಯಲ್ಲಿ ಒಂದು ಸುದ್ದಿ ಎದ್ದಿತು: ಶಾಲಿ ಅಕ್ಕೋರು ಬಸುರಿ. ಮದುವೆಯಾಗಿ ಹತ್ತು ವರ್ಷಕ್ಕೆ! ಇಲ್ಲ ಎಂದರೆ ಏದುಸಿರಿಗೆ ಬೇರೆ ಕಾರಣ ಕೊಡಬೇಕು. ಹೌದು ಎನ್ನಲು ನಾಲಿಗೆ ಏಳಲಿಲ್ಲ. ಮುಖ್ಯೋಪಾಧ್ಯಾಯಿನಿ ತಾವೇ ಒಂದು ಕುರ್ಚಿ ಹೊರಿಸಿಕೊಂಡು ತರಗತಿಗೆ ಬಂದು, "ಇನ್ನ ನಿಂದರಬ್ಯಾಡ, ಕುಂತ ಪಾಠಾ ಮಾಡವಾ" ಎಂದರಂತೆ. ಡಾಕ್ಟರು ಹೇಳಿದ್ದೂ ಅದನ್ನೇ. ಅವಳು ಕುಳಿತಳು.

ಬಸ್ಸಿನಲ್ಲಿ ಸಿಕ್ಕಿದ್ದ ಸದಸ್ಯರು ಪೇಟೆಯಲ್ಲಿ ನನ್ನನ್ನು ತಡೆದರು.

"ಎಂಥಾ ಸುದ್ದಿ ಮುಚ್ಚಿಟ್ರಿ ಮಾಸ್ತರ! ಖರೆ ಹೌದಿಲ್ಲೋ?"

"ನೋಡೂಣ್ರಿ" ಎಂದೆ.

"ನೋಡೂಣು ಅಂದ್ರ? ಇನ್ನೇನ ನೋಡೂದು ಉಳದೈತ್ರಿ ನಿಮಗ?"

ಕುಬಸ

ಫೆಬ್ರವರಿಯ ಒಂದು ಭಾನುವಾರ ಬಾಗಿಲು ತೆರೆದರೆ ಓಣಿಯ ಹೆಂಗಸರೆಲ್ಲ ನಿಂತಿದ್ದಾರೆ. ಮುಂದೆ ಪಕ್ಕದ ಮನೆಯ ನೇಕಾರ ಅಜ್ಜಿ, ಕೈಯಲ್ಲಿ ಹೊಸ ಹಸಿರು ಸೀರೆ. ಹಿಂದಿನವರ ಕೈಯಲ್ಲಿ ಬುತ್ತಿ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕುಬಸ ಮಾಡಲು ಬಂದಿದ್ದರು.

ಹೆಂಡತಿ ನನ್ನ ಹಿಂದೆ ಬಂದು ನಿಂತಳು. ಇನ್ನು ಸುಳ್ಳು ಸಾಗದು. ನಿಜ ಹೇಳಿದರೆ ನಾಳೆ ಶಾಲೆಗೆ ಮುಟ್ಟುತ್ತದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅವಳನ್ನು ಒಳಗೆ ಕರೆದೊಯ್ದು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಆರತಿ ಮಾಡಿ, ತುತ್ತು ಬಾಯಿಗಿಟ್ಟೇಬಿಟ್ಟಳು.

ಅವಳು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನಾನೂ ಒಂದು ತುತ್ತು ತಿಂದೆ. ಪಲ್ಯಕ್ಕೆ ಉಪ್ಪಿಲ್ಲ. ಚಟ್ನಿಗೆ ಉಪ್ಪಿಲ್ಲ. ಬುತ್ತಿಯ ಯಾವುದಕ್ಕೂ ಉಪ್ಪಿಲ್ಲ. ಡಾಕ್ಟರು ಅವಳಿಗೆ ಉಪ್ಪು ಬಿಡಿಸಿದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ.

"ಅಮ್ಮಾ, ನಿಮಗ..." ಎಂದೆ.

"ನಿಮ್ಮ ಹುಡುಗ್ಯಾರ ಪರೀಕ್ಷಾ ಮುಗೀಲಿ ಅಂತ ಬಸುರಿ ಸುದ್ದಿ ನಾವ ಹಬ್ಬಿಸೇವಿ" ಎಂದಳು ಅಜ್ಜಿ. "ಜಡ್ಡಿನಾಕಿನ್ನ ಮನಿಗಿ ಕಳಸ್ತಾರ, ಬಸುರಿಗಿ ಕುರ್ಚಿ ಕೊಡ್ತಾರ. ಕುಬಸಾ ಮಾಡದಿದ್ರ ಮಂದಿ ನಂಬತಾರೇನ್ರಿ?"

"ಜಡ್ಡಿನ ವಿಷಯ ಗೊತ್ತಾದದ್ದು ಹ್ಯಾಂಗ? ಮಗ್ಗ ಬಡಿಯೂವಾಗಷ್ಟ ಮಾತಾಡ್ತಿದ್ವಿ."

"ಹೌದ್ರಿ. ನೀವು ಮೆತ್ತಗ ಮಾತಾಡಾಕ ಹತ್ತಿದ ಕೂಡ್ಲೆ ನಾವು ಮಗ್ಗಾ ನಿಲ್ಲಸ್ತಿದ್ವಿ."

ಹೆಂಡತಿ ಮಣೆಯ ಮೇಲೆಯೇ ಏದುಸಿರು ಬರುವಷ್ಟು ನಕ್ಕಳು. ಅಜ್ಜಿ ಗದರಿದಳು: "ಸಾಕ ಮಾಡವಾ. ಡಾಕ್ಟರು ಭಾಳ ನಗಬ್ಯಾಡ ಅಂದಾರಿಲ್ಲೋ?"

ಮಾರ್ಚಿಯಲ್ಲಿ ಹುಡುಗಿಯರನ್ನು ಪರೀಕ್ಷೆಗೆ ಕರೆದುಕೊಂಡು ಹೋದವಳು ಅವಳೇ. ಮರುವರ್ಷ ಶ್ರಾವಣದಲ್ಲಿ ಅದೇ ಹೆಂಗಸರು, ಮುತ್ತೈದೆಯಾಗಿ ಹೋದ ಅವಳಿಗೆ ಅದೇ ಹಸಿರು ಸೀರೆಯನ್ನು ಮತ್ತೊಮ್ಮೆ ಉಡಿಸಿದರು.