ಗಂಡನ ಹೆಸರು ಹೇಳದವರ ರೋಗ

ನಮ್ಮ ಮನೆಯವರು ಮರೆವಿನ ಡಾಕ್ಟರು. ಮರೆವಿಗೆ ಔಷಧ ಕೊಡುವ ಡಾಕ್ಟರು ಅಂತ ತಿಳಿದುಕೊಂಡಿರೋ, ಕೆಟ್ಟಿರಿ! ಔಷಧ ಅವರ ಬಳಿಯೂ ಇರಲಿಲ್ಲ, ಲೋಕದಲ್ಲಿ ಯಾರ ಬಳಿಯೂ ಇರಲಿಲ್ಲ. ಇದ್ದಿದ್ದರೆ ಮೊದಲ ಗುಳಿಗೆಯನ್ನು ಅವರ ಬಾಯಿಗೇ ಹಾಕುತ್ತಿದ್ದೆ. ಅವರ ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರನ್ನು ಹಾಗೆಲ್ಲ ಬೀದಿಗೆ ಬಿಡುವ ಮನೆತನ ನಮ್ಮದಲ್ಲ. ಬೈಯುವುದಕ್ಕೆ ಹೆಸರೇಕೆ ಬೇಕು? ಇಷ್ಟು ವರ್ಷ ಅದಿಲ್ಲದೆಯೇ ಹೊಟ್ಟೆತುಂಬ ಬೈದಿದ್ದೇನೆ.

ಎಪ್ಪತ್ತರ ದಶಕದ ಮಾತು. ಎಂ.ಡಿ. ಮುಗಿಸಿ ಆಗಷ್ಟೇ ಬಸವನ ಬಾಗೇವಾಡಿಯ ಮನೆಗೆ ಬಂದಿದ್ದರು. ಜೊತೆಗೆ ಓದಿದವರೆಲ್ಲ ಬೋರ್ಡು ಹಾಕಿ, ಸೂಜಿ ಚುಚ್ಚಿ, ಮನೆಯ ಮೇಲೆ ಮಾಳಿಗೆ ಎಬ್ಬಿಸುತ್ತಿದ್ದರು. ಇವರಿಗೆ ಮಾತ್ರ ಅಲ್ಝೈಮರ್ ಎಂಬ, ನಾಲಿಗೆ ತಿರುಗದ ಹೆಸರಿನ ರೋಗವೇ ಬೇಕಾಯಿತು! ಕಾರಣ ಮನೆಯಲ್ಲೇ ಇತ್ತು. ನಮ್ಮ ಅತ್ತೆ ಅರವತ್ತು ತುಂಬುವ ಮೊದಲೇ ಒಲೆ ಹಚ್ಚುವುದನ್ನು ಮರೆತರು, ಹಿತ್ತಲಿನ ದಾರಿ ಮರೆತರು, ಕೊನೆಗೆ ಹೆತ್ತ ಮಗನನ್ನೇ ಮರೆತು "ಡಾಕ್ಟರ್ರ" ಎಂದು ಕರೆಯತೊಡಗಿದರು. ಆಗ ದೂರದ ದೊಡ್ಡ ಊರಿನ ಹೆಸರಾಂತ ಮೆಡಿಕಲ್ ಕಾಲೇಜಿನಲ್ಲಿ ಒಂದು ಹುದ್ದೆ ಖಾಲಿಯಾಯಿತು. ಮಿದುಳಿನ ರೋಗಕ್ಕೇ ಅಲ್ಲೊಂದು ವಾರ್ಡು, ದೊಡ್ಡ ಲ್ಯಾಬು. ಆ ನೌಕರಿ ಸಿಕ್ಕರೆ ಅವ್ವನಿಗೆ ಏನಾದರೂ ದಾರಿ ಕಂಡೀತು ಎಂಬುದೊಂದೇ ಇವರ ಆಸೆ. ಅದಕ್ಕೆ ಸ್ವಂತ ಸಂಶೋಧನೆ ತೋರಿಸಬೇಕಿತ್ತು.

ಸಿಂದಗಿಯಿಂದ ಬಂದಿದ್ದ ನಮ್ಮಪ್ಪನಿಗೆ ಇದು ತಲೆಗೆ ಹತ್ತಲಿಲ್ಲ.

"ಅರಳು ಮರಳಿಗೆ ಔಷಧ ಐತೇನ್ರಿ ಅಳಿಯಂದಿರ?"

"ಇಲ್ರಿ ಮಾವಾರ."

"ತಾನ ಕಡಿಮಿ ಆಗತೈತೇನ್ರಿ?"

"ಇಲ್ರಿ."

"ಮತ್ತ ನೀವು ಊರೂರು ತಿರಗಿ ಮಾಡೂದೇನ್ರಿ?"

"ಮುದುಕ್ರನ್ನ ಮಾತಾಡಿಸೂದ್ರಿ."

ಅಪ್ಪ ನನ್ನತ್ತ ತಿರುಗಿದರು. "ಮುದುಕ್ರನ್ನ ಮಾತಾಡಸಾಕ ಎಂ.ಡಿ. ಬೇಕಿತ್ತೇನವಾ? ನಾ ಇದ್ದಿದ್ದಿಲ್ಲೇನು?"

ಅಪ್ಪನ ಮೇಲೆ ಸಿಟ್ಟು ಬಂತು. ಹಾಗೆ ಅನ್ನಿಸಿಕೊಂಡೂ ನಗುತ್ತ ಕೂತ ಇವರ ಮೇಲೆ ಇನ್ನೂ ಹೆಚ್ಚು ಬಂತು.

ಶುರುವಾಯಿತು ನೋಡಿ ಸವಾರಿ! ಕೈಯಲ್ಲಿ ಮರೆವು ಅಳೆಯಲು ಪರದೇಶದವರು ಬರೆದ ಪ್ರಶ್ನೆಗಳು, ಬಗಲಲ್ಲಿ ಛತ್ರಿ. ಛತ್ರಿ ಹೋಗುವಾಗ ಮಾತ್ರ ಇರುತ್ತಿತ್ತು. ಒಮ್ಮೆ ಚಡಚಣಕ್ಕೆ ನನ್ನನ್ನೂ ಕರೆದುಕೊಂಡು ಹೊರಟರು. ದಾರಿಯಲ್ಲಿ ಇಂಡಿ ಊರಿನಲ್ಲಿ ಬಸ್ಸು ನಿಂತಾಗ ನಾನು ನೀರು ಕುಡಿಯಲು ಇಳಿದೆ. ತಿರುಗಿ ನೋಡುತ್ತೇನೆ, ಬಸ್ಸೂ ಇಲ್ಲ, ಗಂಡನೂ ಇಲ್ಲ! ಚಡಚಣದಲ್ಲಿ ಕಂಡಕ್ಟರನೇ ಕೇಳಿದನಂತೆ, "ಸಾಹೇಬ್ರ, ಅಕ್ಕಾರ ಎಲ್ಲಿ?" ಇವರು ಪ್ರಶ್ನೆಪತ್ರಿಕೆಯಿಂದ ತಲೆಯೆತ್ತಿ "ಯಾವ ಅಕ್ಕಾರು?" ಅಂದರಂತೆ. ಇಂಥವರು ಊರವರ ಮರೆವು ಅಳೆಯುತ್ತಾರೆ!

ಅಳತೆಯ ವೈಖರಿಯೂ ಹಾಗೇ ಇತ್ತು. ಆಗ ತುರ್ತು ಪರಿಸ್ಥಿತಿಯ ಕಾಲ, ಗೋಡೆಗೂ ಕಿವಿ ಎಂದು ಜನ ಹೆದರಿದ್ದರು. ಮಸೂತಿ ಎಂಬ ಹಳ್ಳಿಯ ಒಬ್ಬ ಅಜ್ಜನಿಗೆ ಇವರು "ದೇಶ ಆಳೋರು ಯಾರ್ರಿ ಅಜ್ಜಾರ?" ಎಂದು ಕೇಳಿದ್ದಾರೆ. ಅಜ್ಜ ಇವರ ಪ್ಯಾಂಟು ನೋಡಿದ, ಬೂಟು ನೋಡಿದ, ಬರೆದುಕೊಳ್ಳಲು ತೆಗೆದ ಪೆನ್ನು ನೋಡಿದ. "ನನಗೇನೂ ನೆನಪಿಲ್ರಿ ಸಾಹೇಬ್ರ. ನಾ ಮುದುಕ, ಬಿಟ್ಟಬಿಡ್ರಿ" ಎಂದು ಕೈ ಮುಗಿದ. ಊರಿಗೇ ಜಾಣನಾದ ಆ ಅಜ್ಜನನ್ನು ಇವರು ಕಠಿಣ ರೋಗಿ ಎಂದು ಬರೆದುಕೊಂಡು ಬಂದರು.

ಮುದ್ದೇಬಿಹಾಳದಿಂದ ಬಂದ ದಿನವಂತೂ ಕೇಳಬೇಡಿ. ಮೋರೆ ಬೆಳ್ಳಗಾಗಿತ್ತು.

"ಒಂದು ಓಣಿಗೆ ಓಣೀನ ಹೋಗೇತಿ! ಒಬ್ಬಾಕಿಗೂ ನೆನಪಿಲ್ಲ!"

"ಏನ್ ನೆನಪಿಲ್ರಿ?"

"ಗಂಡನ ಹೆಸರು! ಎಲ್ಲಾರೂ ತಲಿ ತಗ್ಗಿಸಿ ಸುಮ್ಮನ ಕುಂತ್ರು. ಎಲ್ಲಾರಿಗೂ ಸೊನ್ನಿ ಕೊಟ್ಟೇನಿ."

ಮೊದಲು ನಗು ಬಂತು. ಆಮೇಲೆ ಬಂದ ಸಿಟ್ಟು ನೆತ್ತಿಗೇರಿತು. "ನೀವೇನ್ ಪರದೇಶದಾಗ ಹುಟ್ಟೀರೇನು? ನಿಮ್ಮವ್ವ ಎಂದರ ನಿಮ್ಮಪ್ಪನ ಹೆಸರು ಹೇಳ್ಯಾರೇನು? ನಾ ಎಂದರ ನಿಮ್ಮ ಹೆಸರು ಹೇಳೇನೇನು? ಪರಪುರುಷ ಬಂದು ಗಂಡನ ಹೆಸರು ಹೇಳಂದ್ರ ಯಾರ್ ಹೇಳತಾರ್ರಿ? ಪುಣ್ಯಾಕ ಕಸಬರಿಗಿ ತುಗೊಂಡಿಲ್ಲ!"

ಇವರು ಕೂತಲ್ಲೇ ಕರಗಿಹೋದರು. "ಹೌದಲಾ! ಮತ್ತ ಹ್ಯಾಂಗ ಕೇಳೂದು?"

"ಒಡಪು ಹಾಕಸ್ರಿ!" ಎಂದು ಸಿಟ್ಟಿನಲ್ಲೇ ಒದರಿದೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರೀ ಬಾಯಿಂದ ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಎಲ್ಲರೂ ಕಾಡಿದರೆ ಪ್ರಾಸ ಕಟ್ಟಿ ಒಂದು ಒಡಪು ಹಾಕಿ, ಅದರ ನಡುವೆ ಹೆಸರನ್ನು ಸೇರಿಸಿ ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ನಮ್ಮ ಅತ್ತೆ ಒಂದು ಕಾಲಕ್ಕೆ ಇದರಲ್ಲಿ ಓಣಿಗೇ ಮುಂದು. ಇವರು ಎದ್ದು ಸೀದಾ ಅವರ ಮುಂದೆ ಹೋಗಿ ಕೂತರು. "ಅವ್ವಾ, ಒಂದು ಒಡಪು ಹಾಕು."

ಒಲೆ ಮರೆತ, ಮಗನನ್ನು ಮರೆತ ಆ ಹೆಂಗಸು ಸೆರಗು ಸರಿಮಾಡಿಕೊಂಡರು.

"ಕುಸಬಿ ಹೊಲದಾಗ ಮುಳ್ಳ ಭಾಳ, ಬದುವಿನ ಮ್ಯಾಲ ನೆರಳ ಭಾಳ..."

ಮುಂದೆ ಮಾವನವರ ಹೆಸರು ಹೇಳಿ, "ಅವರ ಹೆಸರ ಹೇಳತೇನಿ, ಕೇಳಾವ್ರ ಕಿವಿ ಭಾಳ!" ಎಂದು ಮುಗಿಸಿಯೇಬಿಟ್ಟರು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮಾವನವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು!

ಇವರು ಹುಚ್ಚು ಹಿಡಿದವರಂತೆ ಅಂಗಳದಲ್ಲಿ ಕುಣಿದರು. ಎಲ್ಲ ಹೋದ ಮೇಲೂ ಒಡಪು ಉಳಿದಿರುತ್ತದೆ, ಅದು ಮಿದುಳಿನ ಯಾವ ಮೂಲೆಯಲ್ಲಿ ಉಳಿದಿರುತ್ತದೆ ಎಂದು ಹುಡುಕಬೇಕು ಎಂಬುದೇ ಅವರ ಸಂಶೋಧನೆಯಾಯಿತು. ಮುದ್ದೇಬಿಹಾಳದ ಅದೇ ಓಣಿಗೆ ಮತ್ತೆ ಹೋದೆವು. ಕೇಳಿದ್ದೇ ತಡ, ಒಡಪಿನ ಮೇಲೆ ಒಡಪು! ಸೊನ್ನೆ ಪಡೆದವರೆಲ್ಲ ಹುಷಾರಾದರು. ಇಂಗ್ಲಿಷಿನಲ್ಲಿ ಬರೆದ ಆ ಪ್ರಬಂಧದ ಕೊನೆಗೆ ಗುರುಗಳನ್ನು ನೆನೆದರು, ಟೈಪು ಮಾಡಿಕೊಟ್ಟವನನ್ನು ನೆನೆದರು. ನನ್ನನ್ನು? ಮರೆತರು!

ಇಂಟರ್‌ವ್ಯೂಗೆ ನಾನೂ ಹೋದೆ, ದಾರಿಯಲ್ಲಿ ಎಲ್ಲಾದರೂ ತಮ್ಮನ್ನೇ ತಾವು ಬಿಟ್ಟು ಬಂದಾರು ಎಂದು. ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ನನಗೆ ಎಲ್ಲ ಕೇಳುತ್ತಿತ್ತು.

"ವಿದೇಶದಲ್ಲಿ ಕೆಲಸ ಮಾಡಿದ್ದೀರಾ?" ಎಂದರು ನಡುವೆ ಕೂತಿದ್ದ ದೊಡ್ಡವರು.

"ಇಲ್ಲ ಸರ್. ಸೊಲ್ಲಾಪುರದ ತನಕ ಹೋಗೇನ್ರಿ."

ಒಳಗೆಲ್ಲ ನಗು.

"ಏನಿದು ಒಡಪು? ನೀವು ಡಾಕ್ಟರೋ, ಮದುವೆಮನೆಯಲ್ಲಿ ಹಾಡು ಹೇಳೋರೋ?"

ಮತ್ತೆ ನಗು. ನನ್ನ ಹಲ್ಲು ಕಟಕಟ ಅಂದವು. ಊರೂರಿನ ಧೂಳು ಕುಡಿದವರನ್ನು ನೋಡಿ ಫ್ಯಾನಿನ ಕೆಳಗೆ ಕೂತು ನಗುವುದಕ್ಕೆ ಆ ದೊಡ್ಡವರಿಗೆ ನಾಚಿಕೆಯಿಲ್ಲವೇ?

"ಪ್ರಪಂಚವೆಲ್ಲ ಒಪ್ಪಿರೋ ಪ್ರಶ್ನೆ ಬದಲಾಯಿಸೋದಕ್ಕೆ ನಿಮಗೇನು ಅರ್ಹತೆ ಇದೆ?"

ಇವರು ಮೆಲ್ಲಗೆ ಹೇಳಿದರು: "ಸರ್, ಆ ಪ್ರಶ್ನೆ ಖರೇ ಅಂದ್ರ, ನಮ್ಮವ್ವ ಲಗ್ನ ಆದ ದಿವಸದಿಂದ ರೋಗೀನ ಆದಂಗಾತ್ರಿ."

ಈ ಸಲ ಯಾರೂ ನಗಲಿಲ್ಲ. ನೌಕರಿಯೂ ಕೊಡಲಿಲ್ಲ. ಲಂಡನ್ನಿನಿಂದ ಬಂದ ಒಬ್ಬರಿಗೆ ಕೊಟ್ಟರು.

ಊರಿಗೆ ಬಂದ ಮೇಲೆ ನಾನು ರೊಟ್ಟಿ ಬಡಿದ ಸದ್ದು ಮೂರು ಮನೆಗೆ ಕೇಳಿರಬೇಕು. ಒಂದೊಂದು ರೊಟ್ಟಿಯಲ್ಲೂ ಒಬ್ಬೊಬ್ಬ ಪ್ರೊಫೆಸರನ ಮೋರೆ ಕಾಣುತ್ತಿತ್ತು. ಇವರೋ, "ಅವರು ಕೇಳಿದ್ದೇನೂ ತಪ್ಪಲ್ಲ ಬಿಡು" ಎಂದರು. ಆಗ ಲಟ್ಟಣಿಗೆ ಕೈಗೆ ಸಿಗದಿದ್ದದ್ದು ಅವರ ಪುಣ್ಯ. ಅತ್ತೆ ಒಲೆಯ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದರು. ಇವರು ಅವರ ಪಾದದ ಹತ್ತಿರ ಹೋಗಿ ಕುಳಿತರು. ಆ ದಿನ ಪೆನ್ನು ತೆಗೆಯಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ಕಣ್ಣು ತುಂಬಿತ್ತು.

ಅತ್ತೆ ಅವರನ್ನೇ ನೋಡಿದರು. ಆಮೇಲೆ ನನ್ನ ಸೆರಗು ಜಗ್ಗಿದರು. "ತಂಗಿ, ಈ ಡಾಕ್ಟರ್ರು ಯಾಕ ಅಳಾಕತ್ಯಾರ? ಇವರ ಹೆಸರೇನ?"

ಹಿಟ್ಟಿನ ಕೈ ಒರೆಸಿಕೊಂಡೆ. "ನಾ ಹ್ಯಾಂಗ ಹೇಳ್ಲಿ ಅತ್ತಿ?"

"ಓ, ನಿನ್ನ ಗಂಡನೇನು!" ಎಂದು ಅತ್ತೆ ಬೊಚ್ಚುಬಾಯಿ ತೆರೆದು ನಕ್ಕರು. "ಹಂಗಾದ್ರ ಬರೇ ಬಾಯಿಲೆ ಹೇಳಬ್ಯಾಡ. ಒಡಪು ಹಾಕು."

ರೊಟ್ಟಿ ಹಂಚಿನ ಮೇಲೆ ಹೊತ್ತುತ್ತಿತ್ತು. ಹೊತ್ತಲಿ ಎಂದು ಬಿಟ್ಟು ಸೆರಗು ಹೊದ್ದು ನಿಂತೆ.

"ಇಂಡ್ಯಾಗ ಹೇಣ್ತಿ ಬಿಟ್ರು, ಬಸ್ಸಿನ್ಯಾಗ ಛತ್ರಿ ಬಿಟ್ರು, ದೊಡ್ಡೂರಾಗ ನೌಕರಿ ಬಿಟ್ರು..." ಎಂದು, ಮದುವೆಯಾದ ಮೇಲೆ ಮೊದಲ ಸಲ ಅವರೆದುರಿಗೇ ಅವರ ಹೆಸರು ಹೇಳಿ, "ಅವರನ್ನ ನಾ ಮಾತ್ರ ಬಿಡೂದಿಲ್ಲ!" ಎಂದು ಮುಗಿಸಿದೆ.

ಇವರು ತಲೆಯೆತ್ತಿ ನನ್ನನ್ನು ನೋಡಿದರು. ಅತ್ತೆ ಆ ಹೆಸರನ್ನು ಬಾಯೊಳಗೇ ಎರಡು ಸಲ ಅಂದುಕೊಂಡರು. ಆಮೇಲೆ ಕೈ ಚಾಚಿ ಮಗನ ತಲೆ ಸವರಿದರು.

"ಭಾಳ ಛಲೋ ಹೆಸರ್ರಿ ಡಾಕ್ಟರ್ರ. ನನ್ನ ಮಗನ ಹೆಸರೂ ಅದ ಐತ್ರಿ. ಅವನೂ ಛತ್ರಿ ಬಿಟ್ಟ ಬರತಾನ. ಸಾಲಿ ಬಿಡೂ ಹೊತ್ತಾತು, ಇನ್ನೇನ ಬರತಾನ. ಅವನ್ನ ನೋಡಿ, ಒಂದ್ ರೊಟ್ಟಿ ತಿಂದ ಹೋಗ್ರಿ."